ಉಂಡ ಮನೆಯಲ್ಲಿ ಆಡಬೇಕಾದ ಮಾತು

(ಸೊನ್ನ ಗ್ರಾಮದಲ್ಲಿ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕಾಲೇಜಿನಲ್ಲಿ ಪಾಠ ಹೇಳಿದವಳಿಗೆ ಮಾತನಾಡುವುದು ಕಷ್ಟವಲ್ಲ. ಆದರೆ ಈ ಊರಿನಲ್ಲಿ ಒಂದು ವರ್ಷ ಇದ್ದು ನಾನು ಕಲಿಸಿದ್ದು ಕಡಿಮೆ, ಕಲಿತದ್ದೇ ಹೆಚ್ಚು. ಆ ಕಲಿತದ್ದನ್ನು ಇಂದು ನಿಮಗೆ ಒಪ್ಪಿಸಲು ನಿಂತಿದ್ದೇನೆ.

2023ರ ಮೇ ತಿಂಗಳಲ್ಲಿ ನಿವೃತ್ತಳಾದೆ. ಯಜಮಾನರು ತೀರಿಕೊಂಡು ಕೆಲವು ವರ್ಷಗಳಾಗಿದ್ದವು, ಮಗ ಪುಣೆಯಲ್ಲಿದ್ದ. ಕಲಬುರಗಿಯ ಮನೆಗೆ ಬೀಗ ಹಾಕಿ ಸೊನ್ನಕ್ಕೆ, ತಮ್ಮನ ಮನೆಗೆ ಬಂದೆ. ಮಗ ಫೋನಿನಲ್ಲಿ ನಕ್ಕ: “ಅವ್ವಾ, ಇದಕ್ಕ ಗ್ಯಾಪ್ ಇಯರ್ ಅಂತಾರ. ಹುಡುಗರು ಕಾಲೇಜಿಗಿ ಹೋಗೂ ಮೊದಲ ತಗೋತಾರ, ನೀ ಕಾಲೇಜ ಬಿಟ್ಟ ಮ್ಯಾಲ ತಗೊಂಡಿ.”

ಹೊರದೇಶಗಳಲ್ಲಿ, ಈಗ ನಮ್ಮ ದೊಡ್ಡ ಪಟ್ಟಣಗಳಲ್ಲೂ, ಕೆಲವು ಹುಡುಗ ಹುಡುಗಿಯರು ಓದಿನ ನಡುವೆ ಒಂದು ವರ್ಷ ಬಿಡುವು ಮಾಡಿಕೊಳ್ಳುತ್ತಾರೆ. ಬಂಧುಗಳ ಮನೆಯಲ್ಲಿದ್ದು ಶಾಲೆಯಲ್ಲೋ ಆಸ್ಪತ್ರೆಯಲ್ಲೋ ಸಂಬಳವಿಲ್ಲದೆ ದುಡಿಯುತ್ತಾರೆ. ನಾಲ್ಕು ಜನರ ಬದುಕು ನೋಡಿ ಆಮೇಲೆ ತಮ್ಮ ದಾರಿ ಆರಿಸಿಕೊಳ್ಳುತ್ತಾರೆ. ನಮ್ಮ ಹೆಣ್ಣುಮಕ್ಕಳಿಗೂ ಇಂಥ ಒಂದು ವರ್ಷ ಇದೆ. ಪಿಯುಸಿ ಮುಗಿದ ಮೇಲಿನ ವರ್ಷ. ಅದಕ್ಕೆ ನಾವು ಇಟ್ಟ ಹೆಸರು “ಮನ್ಯಾಗ ಕೂತಾಳ” ಎಂದು. ಆ ವರ್ಷ ಆಕೆ ದಾರಿ ಆರಿಸುವುದಿಲ್ಲ. ಆಕೆಗೆ ವರನನ್ನು ಆರಿಸುತ್ತಾರೆ.

ಉಪನ್ಯಾಸಕಿಯಾಗಿದ್ದಾಗ ನಾನು ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರಗಳಿಗೆ ವಿದ್ಯಾರ್ಥಿನಿಯರನ್ನು ಹಳ್ಳಿಗಳಿಗೆ ಕರೆದುಕೊಂಡು ಹೋಗುತ್ತಿದ್ದೆ. ಹತ್ತು ದಿನ ಗಟಾರ ಬಳಿದು, ವರದಕ್ಷಿಣೆಯ ವಿರುದ್ಧ ಬೀದಿ ನಾಟಕ ಆಡಿ, ಫೋಟೋ ತೆಗೆಸಿಕೊಂಡು ಬರುತ್ತಿದ್ದೆವು. ಹತ್ತು ದಿನಕ್ಕೆ ಬಂದವರಿಗೆ ಊರು ಅಂಗಳ ತೋರಿಸುತ್ತದೆ, ಒಳಮನೆ ತೋರಿಸುವುದಿಲ್ಲ. ಒಳಮನೆ ನಾನು ನೋಡಿದ್ದು ಈ ಒಂದು ವರ್ಷದಲ್ಲಿ.

ಬಂದ ಹೊಸದರಲ್ಲಿ ನನ್ನ ಕೆಲಸ ಅರ್ಜಿ ತುಂಬುವುದು. ಆ ಜುಲೈಯಲ್ಲಿ ಗೃಹಲಕ್ಷ್ಮಿಯ ನೋಂದಣಿ ಶುರುವಾಗಿತ್ತು. ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ ಎಂದಾಗ, ಆಧಾರದಲ್ಲಿ ಒಂದು ಹೆಸರು, ರೇಷನ್ ಕಾರ್ಡಿನಲ್ಲಿ ಇನ್ನೊಂದು. 2020ರ ಅಕ್ಟೋಬರ್‌ನಲ್ಲಿ ಭೀಮೆ ಉಕ್ಕಿ ಬಂದಾಗ ಕಾಗದ ಪತ್ರ ನೀರುಪಾಲಾಯಿತು ಎಂದವರೂ ಇದ್ದರು. ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸಿನಲ್ಲಿ ಹೆಂಗಸರ ಪ್ರಯಾಣ ಉಚಿತವಾಗಿತ್ತು. ಅಫಜಲಪುರಕ್ಕೆ ಹೋಗಲು ಗಂಡನ ಮುಂದೆ ಕೈ ಚಾಚಬೇಕಿರಲಿಲ್ಲ. ನಾಲ್ಕಾರು ಜನ ಕೂಡಿ ಹೋಗಿ ಬರುತ್ತಿದ್ದೆವು. ದೊಡ್ಡ ಸಮಾಜಸೇವೆ ಏನಲ್ಲ. ಆದರೆ ಬಸ್ಸಿನಲ್ಲಿ ಹೆಂಗಸರು ಮನೆಯಲ್ಲಿ ಆಡದ ಮಾತು ಆಡುತ್ತಾರೆ.

ನಂತರ ಸಂಘದ ಲೆಕ್ಕ ಬರೆಯಲು ಹೇಳಿದಿರಿ. ಸಾಲದ ಪುಸ್ತಕದಲ್ಲಿ ನಾಲ್ಕು ಕಡೆ “ಎಮ್ಮೆ ಖರೀದಿಗೆ” ಎಂದು ಇತ್ತು. ಒಬ್ಬ ತಾಯಿಯನ್ನು ಕೇಳಿದೆ, ಎಮ್ಮೆ ಎಷ್ಟು ಹಾಲು ಕೊಡುತ್ತದೆ ಎಂದು. ಆಕೆ ಸೆರಗಿನಿಂದ ಮುಖ ಒರೆಸಿಕೊಂಡು, “ಎಮ್ಮಿ ಬೀಗರ ಮನಿಗಿ ಹೋಗ್ಯಾದ್ರಿ ಅಕ್ಕೋರೆ” ಎಂದಳು. ಎಮ್ಮೆಯ ಹೆಸರಿನ 50,000 ರೂಪಾಯಿ ಮಗಳ ವರೋಪಚಾರಕ್ಕೆ ಹೋಗಿತ್ತು. ನಾವು ವಾರ ವಾರ ಕೂಡಿಟ್ಟ ಹಣವೇ ನಮ್ಮ ಮಕ್ಕಳನ್ನು ಮಾರುವ ಸಂತೆಗೆ ಹೋಗುತ್ತಿದೆ. ಕಂತನ್ನು ಆ ತಾಯಿ ಹೊಲದ ಕೂಲಿಯಿಂದ ಕಟ್ಟುತ್ತಿದ್ದಾಳೆ.

ಆ ಮಗಳು 2022ರಲ್ಲಿ ಪಿಯುಸಿ ಪಾಸಾದವಳು. ಒಂದು ವರ್ಷ ಮನೆಯಲ್ಲಿ ಕೂತಳು, 2023ರ ಬೇಸಿಗೆಯಲ್ಲಿ ಮದುವೆ. ಆಗಸ್ಟ್‌ನಲ್ಲಿ ನಾಗರ ಪಂಚಮಿಗೆ ಅಣ್ಣ ಹೋಗಿ ಕರೆತಂದ. ಹೆಣ್ಣುಮಕ್ಕಳೆಲ್ಲ ಜೋಕಾಲಿ ಆಡುತ್ತಿದ್ದರೆ ಈಕೆ ಕೈ ಮೇಲೆತ್ತಲಾರದೆ ಕೂತಿದ್ದಳು. ಮೋಟಾರ್ ಸೈಕಲ್ ತರಲಿಲ್ಲವೆಂದು ಗಂಡ ಹೊಡೆದಿದ್ದ. ತಾಯಿ ಹೇಳಿದ್ದು ಒಂದೇ: “ನಾವೂ ಕೊಟ್ಟೇವಲ್ರಿ, ಪೊಲೀಸ್ರು ನಮ್ಮನ್ನೂ ಹಿಡೀತಾರ.”

ಈ ಹೆದರಿಕೆ ನಿಮ್ಮಲ್ಲಿ ಬಹಳ ಜನರಿಗಿದೆ. ಆದ್ದರಿಂದ ಸರಿಯಾಗಿ ತಿಳಿಯಿರಿ. 1961ರ ವರದಕ್ಷಿಣೆ ನಿಷೇಧ ಕಾಯಿದೆಯಲ್ಲಿ ಕೊಡುವುದೂ ತಪ್ಪು, ತೆಗೆದುಕೊಳ್ಳುವುದೂ ತಪ್ಪು. ಕನಿಷ್ಠ ಐದು ವರ್ಷದ ಶಿಕ್ಷೆ ಇದೆ. ಆದರೆ ನೊಂದವರು ಕೊಟ್ಟ ಹೇಳಿಕೆಯನ್ನೇ ಹಿಡಿದು ಅವರ ಮೇಲೆ ಮೊಕದ್ದಮೆ ಹೂಡುವಂತಿಲ್ಲ ಎಂದು ಅದೇ ಕಾಯಿದೆ ಹೇಳುತ್ತದೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆ 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಅದರಡಿ ಪೊಲೀಸ್ ಠಾಣೆಗೇ ಹೋಗಬೇಕೆಂದಿಲ್ಲ. ನಮ್ಮ ರಾಜ್ಯದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಸಂರಕ್ಷಣಾಧಿಕಾರಿ. ಅಂಗನವಾಡಿಯ ಕಚೇರಿ ನಿಮಗೆಲ್ಲ ಗೊತ್ತು, ಅಲ್ಲಿಯೇ ದೂರು ಬರೆಸಬಹುದು. ರಕ್ಷಣೆ, ಖರ್ಚಿಗೆ ಹಣ, ಗಂಡನ ಮನೆಯಲ್ಲಿ ಇರುವ ಹಕ್ಕು, ಇವನ್ನು ನ್ಯಾಯಾಧೀಶರು ಕೊಡಿಸಬಲ್ಲರು. ವಕೀಲರ ಫೀಸಿಗೆ ಅಂಜಬೇಡಿ. ಕಾನೂನು ಸೇವಾ ಸಮಿತಿಯಲ್ಲಿ ಹೆಂಗಸರಿಗೆ ಉಚಿತ ವಕೀಲರು ಸಿಗುತ್ತಾರೆ, ಅದಕ್ಕೆ ಆದಾಯದ ಮಿತಿ ಇಲ್ಲ. ಹಳೆಯ 498ಎ ಕಲಮು ಹೋಯಿತು ಎಂದು ಯಾರಾದರೂ ಹೇಳಿದರೆ ನಂಬಬೇಡಿ. 2024ರ ಜುಲೈ 1ರಿಂದ ಅದೇ ಅಪರಾಧ ಭಾರತೀಯ ನ್ಯಾಯ ಸಂಹಿತೆಯ 85ನೆಯ ಕಲಮಿನಲ್ಲಿದೆ. ಅವಸರಕ್ಕೆ 181ಕ್ಕೆ ಫೋನು ಮಾಡಿ.

ನಾವು ಏಳು ಜನ ಆ ಹುಡುಗಿಯ ಜೊತೆ ಅಫಜಲಪುರಕ್ಕೆ ಹೋದೆವು. ನನ್ನ ತಮ್ಮನ ಹೆಂಡತಿಯೂ ಬಂದಿದ್ದಳು. ಪ್ರಕರಣ ಇನ್ನೂ ನಡೆದಿದೆ. ಹುಡುಗಿ ತವರಿನಲ್ಲಿದ್ದು 2024ರಲ್ಲಿ ಬಿ.ಎ.ಗೆ ಸೇರಿದಳು.

ಇಲ್ಲಿಗೆ ಮುಗಿಸಿದ್ದರೆ ನಾನು ಒಳ್ಳೆಯವಳಾಗಿ ಉಳಿಯುತ್ತಿದ್ದೆ. ಆದರೆ ಮುಂದಿನದನ್ನು ಹೇಳಲು ತಮ್ಮನ ಹೆಂಡತಿ ಒಪ್ಪಿದ್ದಾಳೆ. ಆಕೆ ಇಲ್ಲಿಯೇ ಕೂತಿದ್ದಾಳೆ.

2024ರ ಜನವರಿ, ಎಳ್ಳ ಅಮಾವಾಸ್ಯೆ. ಹೊಲದಲ್ಲಿ ಚರಗ ಚೆಲ್ಲಿ, ಸಜ್ಜೆ ರೊಟ್ಟಿ, ಭಜ್ಜಿ ಹಾಕಿಕೊಂಡು ಎಲ್ಲರೂ ಜೋಳದ ಬದುವಿನಲ್ಲಿ ಊಟಕ್ಕೆ ಕೂತಿದ್ದೆವು. ತಮ್ಮ ಬಂಧುಗಳಿಗೆ ಹೇಳಿದ: “ಹುಡುಗಿ ಕಡಿಯವರು ಐದು ಲಕ್ಷ, ಐದು ತೊಲಿ ಬಂಗಾರ ಅಂದಾರ. ಹುಡುಗಂದು ನೌಕರಿ ಅದ, ಎಳದ್ರ ಇನ್ನೂ ಬರ್ತದ.” ಏಳು ತಿಂಗಳು ಆ ಮನೆಯ ಅನ್ನ ಉಂಡಿದ್ದೆ. ಬಾಯಲ್ಲಿದ್ದ ತುತ್ತು ನುಂಗಿ ಸುಮ್ಮನಾದೆ.

ರಾತ್ರಿ ನಿದ್ದೆ ಬರಲಿಲ್ಲ. ಉಂಡ ಮನೆಗೆ ಎರಡು ಬಗೆಯಬಾರದು ಎಂದು ಹಿರಿಯರು ಹೇಳುತ್ತಾರೆ. ಎರಡು ಬಗೆಯುವುದು ಎಂದರೇನು? ತಪ್ಪು ಕಂಡು ಆಡುವುದೋ, ಕಂಡೂ ಸುಮ್ಮನಿರುವುದೋ? ಬೇರೆಯವರ ಬೀಗರ ಮೇಲೆ ಅರ್ಜಿ ಬರೆಸಿದ ಕೈ ನನ್ನದು. ನಮ್ಮ ಮನೆಗೆ ಬರುವ ಹುಡುಗಿಯ ಅವ್ವ ಯಾವ ಸಂಘದಲ್ಲಿ ಎಮ್ಮೆ ಎಂದು ಬರೆಸುತ್ತಿದ್ದಾಳೋ?

ಬೆಳಿಗ್ಗೆ ಒಲೆಯ ಮುಂದೆ ತಮ್ಮನ ಹೆಂಡತಿಗೆ ಇದನ್ನೇ ಹೇಳಿದೆ. ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳಿದಳು: “ಅಕ್ಕಾ, ನಿಮ್ಮ ಮದುವ್ಯಾಗ ಮಾವನೋರು ಎರಡು ಎಕರೆ ಮಾರಿದ್ದು ಮರತ್ರಿ ಏನು?”

ಮರೆತಿರಲಿಲ್ಲ. 1988ರಲ್ಲಿ ನನಗೆ ಎಂ.ಎ. ಪದವಿ ಇತ್ತು, ಕಾಲೇಜಿನಲ್ಲಿ ಕೆಲಸವೂ ಇತ್ತು. ಅಪ್ಪ ಹೊಲ ಮಾರಿ ವರೋಪಚಾರ ಕೊಟ್ಟಾಗ ಒಂದು ಮಾತು ಆಡಲಿಲ್ಲ. ಆ ಹೊಲ ಇದ್ದಿದ್ದರೆ ಅದರಲ್ಲಿ ತಮ್ಮ ದುಡಿಯುತ್ತಿದ್ದ. ನನ್ನ ಮದುವೆಯಲ್ಲಿ ಹೋದದ್ದನ್ನು ಅವನು ಮಗನ ಮದುವೆಯಲ್ಲಿ ವಸೂಲಿ ಮಾಡಲು ಹೊರಟಿದ್ದ. ನಾನು ಆಡಿದ ಬೀದಿ ನಾಟಕಗಳಲ್ಲಿ ಈ ಸಂಗತಿ ಎಂದೂ ಬರಲಿಲ್ಲ.

ತಮ್ಮನ ಎದುರು ಕೂತು ಮೊದಲು ನನ್ನ ತಪ್ಪು ಒಪ್ಪಿಕೊಂಡೆ, ಆಮೇಲೆ ಅವನದನ್ನು ಹೇಳಿದೆ. ಎಂಟು ದಿನ ಅವನು ನನ್ನ ಜೊತೆ ಮಾತಾಡಲಿಲ್ಲ. ಒಂಬತ್ತನೆಯ ದಿನ ಅಳಿಯ ಬಂದು, “ಅತ್ತೀ, ರೊಕ್ಕ ಬ್ಯಾಡ ಅಂತ ನಾನೇ ಹೇಳೀನಿ” ಎಂದ. ಪೂರ್ತಿ ಗೆದ್ದೆ ಎನ್ನಲಾರೆ. ನಗದು ನಿಂತಿತು, ಮದುವೆಯ ಖರ್ಚು ಅರ್ಧರ್ಧವಾಯಿತು, ಬಂಗಾರ ಮಾತ್ರ ಬಂತು. ಆದರೆ ಅದನ್ನು ಪಟ್ಟಿ ಮಾಡಿ, ಹುಡುಗಿಯದು ಎಂದು ಬರೆದು, ಎರಡೂ ಕಡೆಯವರು ಸಹಿ ಹಾಕಿದರು. ಪಟ್ಟಿ ಹುಡುಗಿಯ ಕೈಯಲ್ಲಿದೆ.

ಗೆಳತಿಯರೆ, ಮೂರು ಮಾತು ಕೇಳಿ ಮುಗಿಸುತ್ತೇನೆ. ಸಂಘದ ಸಾಲವನ್ನು ವರೋಪಚಾರಕ್ಕೆ ಕೊಡುವುದಿಲ್ಲವೆಂದು ಇಂದೇ ಠರಾವು ಮಾಡಿ. ಎಮ್ಮೆ ಎಂದು ಬರೆದರೆ ಎಮ್ಮೆ ನೋಡಿ ಬನ್ನಿ, ಮಗಳ ಕಾಲೇಜು ಫೀಸು ಎಂದರೆ ಮೊದಲು ಅದಕ್ಕೆ ಕೊಡಿ. ಎರಡನೆಯದು, ಪಿಯುಸಿ ಮುಗಿಸಿದ ಮಗಳನ್ನು ಮನೆಯಲ್ಲಿ ಕೂಡಿಸಬೇಡಿ. ಓದು ನಿಂತಿದ್ದರೆ ಆ ವರ್ಷ ಸಂಘದ ಲೆಕ್ಕ ಬರೆಯಲಿ, ಅರ್ಜಿ ತುಂಬಲಿ, ಕಚೇರಿಗಳನ್ನು ನೋಡಲಿ. ಅತ್ತೆಯ ಮನೆಗೋ ಚಿಕ್ಕಮ್ಮನ ಮನೆಗೋ ಕಳಿಸಿದರೆ ಬಿಟ್ಟಿ ಚಾಕರಿಗೆ ಕಳಿಸಬೇಡಿ, ಹೊಸತು ಕಲಿಯಲು ಕಳಿಸಿ. ಮೂರನೆಯದು ಎಲ್ಲಕ್ಕಿಂತ ಕಷ್ಟದ್ದು. ಸಭೆಯಲ್ಲಿ ಆಡಿದ ಮಾತನ್ನು ಮನೆಗೆ ಹೋಗಿ, ಮಗನಿಗೆ ಹೆಣ್ಣು ನೋಡುವ ದಿನ ಆಡಿ.

ನಾನು ಆ ಮಾತು ಆಡಲು ಮೂವತ್ತೈದು ವರ್ಷ ತೆಗೆದುಕೊಂಡೆ. ನೀವು ಅಷ್ಟು ತಡ ಮಾಡಬೇಡಿ.