ಬೆರೆತು ಹುಟ್ಟಿದ ಹೊಸ ಗಿಡ
(ಸಂಘದ ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ನಾನು ಸಸ್ಯಶಾಸ್ತ್ರಜ್ಞನಲ್ಲ, ಬ್ಯಾಂಕಿನಲ್ಲಿ ಲೆಕ್ಕ ಬರೆಯುವ ಗುಮಾಸ್ತ. ಆದರೂ ಪರಸ್ಥಳದಲ್ಲಿ ಬೇರು ಬಿಟ್ಟ ನಮ್ಮಂಥವರು ಕೇಳತಕ್ಕ ಒಂದು ಗಿಡದ ಕಥೆಯನ್ನು ತಮ್ಮ ಮುಂದಿಡಬಯಸುತ್ತೇನೆ.

ಯುರೋಪಿನಲ್ಲಿ ಟ್ರಾಗೊಪೋಗನ್ ಎಂಬ ಕುಲದ ಕಾಡುಗಿಡಗಳಿವೆ. ಬೀಜದ ತುದಿಯ ನವಿರಾದ ಕೂದಲನ್ನು ಕಂಡು ಜನ ಅವಕ್ಕೆ ‘ಮೇಕೆಗಡ್ಡ’ವೆಂದು ಹೆಸರಿಟ್ಟಿದ್ದಾರೆ. ಹುಟ್ಟುನೆಲದಲ್ಲಿ ಬಹುಮಟ್ಟಿಗೆ ಬೇರೆ ಬೇರೆಯಾಗಿ ಬೆಳೆಯುವ ಇವುಗಳ ಮೂರು ಜಾತಿಗಳು 20ನೆಯ ಶತಮಾನದ ಮೊದಲ ದಶಕಗಳಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಪೂರ್ವಭಾಗಕ್ಕೂ ನೆರೆಯ ಐಡಾಹೊಗೂ ಬಂದು ಸೇರಿದವು. ಎರಡು ಹಳದಿ ಹೂವಿನವು, ಒಂದು ನೇರಳೆಯದು. ರಸ್ತೆಯಂಚು, ಪಾಳುಜಾಗಗಳಲ್ಲಿ ಒಟ್ಟಿಗೆ ಬೆಳೆದುವು. ಕೀಟಗಳು ಒಂದರ ಪರಾಗವನ್ನು ಇನ್ನೊಂದಕ್ಕೆ ಒಯ್ದುವು. ಬೆರಕೆ ಸಸಿಗಳು ಹುಟ್ಟಿದುವು.

ಇಂಥ ಬೆರಕೆ ಸಸಿ ಬೀಜ ಕಟ್ಟುವುದು ಅಪರೂಪ. ಕಾರಣವನ್ನು ನಮ್ಮ ಲೆಕ್ಕದ ಭಾಷೆಯಲ್ಲೇ ಹೇಳಬಹುದು. ಮೂಲಜಾತಿ ಒಂದೊಂದರಲ್ಲೂ 12 ವರ್ಣತಂತುಗಳು, ಅಂದರೆ 6 ಜೊತೆ. ಬೆರಕೆ ಸಸಿಗೆ ತಾಯಿಯಿಂದ 6, ತಂದೆಯಿಂದ 6. ಮೊತ್ತವೇನೋ 12, ಆದರೆ ಬೀಜಕ್ಕೆ ಅಣಿಯಾಗುವಾಗ ಪ್ರತಿಯೊಂದೂ ತನ್ನ ಜೊತೆಯನ್ನು ಕೂಡಬೇಕು. ಇಲ್ಲಿ ಸರಿಯಾದ ಜೊತೆಯಿಲ್ಲ. ಮೊತ್ತ ಸರಿ, ತಾಳೆ ಇಲ್ಲ! ಎಂದೋ ಒಮ್ಮೆ ಜೀವಕೋಶ ಒಡೆಯುವ ಕ್ರಮದಲ್ಲಿ ವ್ಯತ್ಯಾಸವಾಗಿ, ಎರಡೂ ಕಡೆಯ ಆಸ್ತಿ ಇಮ್ಮಡಿಸಿ 24 ಆಗುತ್ತದೆ. ಆಗ ಒಂದೊಂದಕ್ಕೂ ಜೊತೆಯುಂಟು. ಗಿಡ ಬೀಜ ಕಟ್ಟುತ್ತದೆ. ಹೊಸ ಜಾತಿಯೇ ನೆಲೆಗೊಳ್ಳುತ್ತದೆ.

ಅಂಥ ಎರಡು ಜಾತಿಗಳನ್ನು ಮೇರಿಯನ್ ಓನ್‌ಬೀ ಎಂಬ ವಿದ್ವಾಂಸರು 1950ರಲ್ಲಿ ಲೋಕಕ್ಕೆ ತಿಳಿಸಿದರು. ಒಂದಕ್ಕೆ ಮೈರಸ್, ಅಂದರೆ ಅದ್ಭುತ, ಎಂದೂ ಇನ್ನೊಂದಕ್ಕೆ ಮಿಸೆಲ್ಲಸ್, ಅಂದರೆ ಬೆರೆತದ್ದು, ಎಂದೂ ಹೆಸರಿಟ್ಟರು. ಇವು ಒಂದೇ ಸಲವಲ್ಲ, ಬೇರೆ ಬೇರೆ ಊರುಗಳಲ್ಲಿ ಹಲವು ಸಲ ಹುಟ್ಟಿವೆಯೆಂದು ತರುವಾಯದ ಸಂಶೋಧನೆ ತೋರಿಸಿದೆ. ಮತ್ತೊಂದು ಸ್ವಾರಸ್ಯ: ಮಿಸೆಲ್ಲಸ್‌ಗೆ ಯಾವ ಜಾತಿ ತಾಯಿಯೋ ಅದಕ್ಕೆ ತಕ್ಕಂತೆ ಹೂವಿನ ಹೊರ ಎಸಳು ಉದ್ದ ಅಥವಾ ಗಿಡ್ಡ. ತಾಯಿಯ ಗುರುತು ಅಳಿಯದು.

ದೂರದ ಮಾತೇಕೆ? ನಮ್ಮ ಚಪಾತಿಯ ಗೋಧಿಯೂ ಮೂರು ಹುಲ್ಲುಗಳ ವಂಶ ಹೀಗೆಯೇ ಕೂಡಿ ಬಂದದ್ದು. 14ರಂತೆ ಮೂರು ಸೇರಿ ಅದರ ವರ್ಣತಂತುಗಳು 42.

ಗಿಡದ ನಿಯಮ ಮನುಷ್ಯರಿಗೆ ಹಾಗೆಯೇ ಹೊಂದದು, ನಿಜ. ಆದರೂ ನಮ್ಮ ಮಕ್ಕಳ ಮಾತಿನಲ್ಲಿ ಎರಡು ಭಾಷೆ ಬೆರೆಯಿತೆಂದು ಹಲುಬುವ ನಮಗೆ ಇಲ್ಲಿ ಒಂದು ಪಾಠವಿದೆ. ಎರಡು ಕಡೆಯಿಂದ ಅರ್ಧರ್ಧ ಪಡೆದ ಸಸಿಯ ವಂಶ ನಿಂತುಹೋಯಿತು. ಎರಡನ್ನೂ ಪೂರ್ತಿ ಪಡೆದದ್ದು ಬೆಳೆಯಿತು. ನಮ್ಮ ಮಕ್ಕಳಿಗೆ ಈ ಊರಿನ ಭಾಷೆಯೂ ಪೂರ್ತಿ ಬರಲಿ, ಮನೆಯ ಕನ್ನಡವೂ ಓದುಬರಹ ಸಹಿತ ಪೂರ್ತಿ ಬರಲಿ. ಅವರನ್ನು ಕನ್ನಡ ವರ್ಗಕ್ಕೆ ತಪ್ಪದೆ ಕಳಿಸಿರೆಂದು ಬೇಡಿಕೊಂಡು ವಿರಮಿಸುತ್ತೇನೆ.