ಶರಣರ ಕಾಯಕ ಮತ್ತು ಸಂಘದ ವ್ಯವಹಾರ

(ರಜತ ಮಹೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ವ್ಯಾಪಾರ ಬ್ಯಾರೆ, ಧರ್ಮ ಬ್ಯಾರೆ ಅಂತ ನಾವೆಲ್ಲ ಅಂತೇವಿ. ನಮ್ಮ ವಿಜಯಪುರದಲ್ಲಿ ವಕೀಲಿ ಮಾಡುತ್ತಿದ್ದ ಫ.ಗು. ಹಳಕಟ್ಟಿಯವರು ಹಾಗೆ ತಿಳಿದವರಲ್ಲ. 1912ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕು ಕಟ್ಟಿದವರು ಅವರೇ, 1923ರಲ್ಲಿ ‘ವಚನಶಾಸ್ತ್ರಸಾರ’ ಹೊರತಂದವರೂ ಅವರೇ.

ಆಯ್ದಕ್ಕಿ ಮಾರಯ್ಯನ ಕಥೆ ನಿಮಗೆ ಗೊತ್ತು. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿ ಆಯುವುದು ಅವನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ತಂದ. ಹೆಂಡತಿ ಲಕ್ಕಮ್ಮ ಒಲ್ಲೆ ಅಂದಳು, ತಿರುಗಿ ಒಯ್ದು ಸುರುವಿ ಬಾ ಅಂದಳು. ಅದು ಕದ್ದ ಅಕ್ಕಿ ಅಲ್ಲ, ನೆನಪಿರಲಿ. ಅವರ ಪಾಲಿಗಿಂತ ಹೆಚ್ಚಿತ್ತು, ಅಷ್ಟೇ. ತಮಿಳಿನ ತಿರುವಳ್ಳುವರೂ ತಮ್ಮ 1330 ಕುರಳುಗಳ ನಡುವೆ ವ್ಯಾಪಾರಿಯನ್ನು ಮರೆತಿಲ್ಲ. ಮಂದಿಯ ಮಾಲನ್ನು ತನ್ನ ಮಾಲಿನಂಗ ನೋಡಬೇಕು ಅನ್ನುವ ಅರ್ಥದಲ್ಲಿ ಹೇಳಿದ್ದಾರೆ.

ಈಗ ನನ್ನ ಮಾತು. ಎರಡು ವರ್ಷದ ಹಿಂದ ಮುಂಗಾರಿನಾಗ ಯೂರಿಯಾ ಕಡಿಮೆ ಬಂತು. ಒಬ್ಬರಿಗೆ ಎರಡೇ ಚೀಲ ಅಂತ ಡೈರೆಕ್ಟರುಗಳು ಕೂಡಿ ಠರಾವು ಮಾಡಿದೆವು, ನಾನೂ ಸಹಿ ಹಾಕಿದೆ. ಅದೇ ದಿನ ಸಂಜಿಮುಂದ ಗೋದಾಮಿನಿಂದ ನಾಲ್ಕು ಚೀಲ ನನ್ನ ಟ್ರ್ಯಾಕ್ಟರಿಗೆ ಹೇರಿಸಿದೆ. ಮರುದಿವಸ ಮುಂಜಾನೆಯಿಂದ ಪಾಳಿ ಹಚ್ಚಿದ್ದ ಒಬ್ಬ ಮುದುಕಿ ಬರಿಗೈಲೆ ತಿರುಗಿದಳು. “ಯಪ್ಪಾ, ನಾಳೆ ಬರ್ಲ್ಯಾ?” ಅಂದಳು. ಹೂಂ ಅಂದೆ. ನಾಳೆ ಮಾಲು ಬರುವುದಿಲ್ಲ ಅಂತ ನನಗೆ ಗೊತ್ತಿತ್ತು.

ರೊಕ್ಕ ಕೊಟ್ಟೇ ತಂದಿದ್ದೆ, ಪಾವತಿಯೂ ಇತ್ತು. ಹಿಂಗಾಗಿ ಆಡಿಟಿನಾಗ ಯಾರೂ ಕೇಳಲಿಲ್ಲ. ಲಕ್ಕಮ್ಮ ಇದ್ದಿದ್ದರೆ ಕೇಳುತ್ತಿದ್ದಳು. ಅವತ್ತು ತಿರುಗಿ ಒಯ್ದು ಇಡಬೇಕಾಗಿತ್ತು, ಇಡಲಿಲ್ಲ. ಬೆಳೆ ಚಲೋ ಬಂತು, ಆದರೆ ಆ ಮುದುಕಿ ಎದುರು ಬಂದರೆ ಇವತ್ತಿಗೂ ದಾರಿ ಬಿಟ್ಟು ಹೋಗ್ತೀನಿ.

ಬಹಳ ಸಂಘಗಳು ಮುಳುಗುವುದು ದೊಡ್ಡ ಕಳ್ಳತನದಿಂದಲ್ಲ, ಇಂಥ ಎರಡು ಚೀಲದಿಂದ ಅಂತ ನನ್ನ ತಿಳುವಳಿಕೆ. ಒಬ್ಬ ಒಯ್ದದ್ದು ನೋಡಿ ಇನ್ನೊಬ್ಬ ಒಯ್ಯುತ್ತಾನೆ. ಆಮೇಲೆ ಸಾಲ ಯಾಕೆ ತುಂಬಬೇಕು ಅಂತ ಸದಸ್ಯ ಕೇಳಿದರೆ ನಮ್ಮ ಬಾಯಿಗೆ ಉತ್ತರ ಬರೋದಿಲ್ಲ.

ಆದಕಾರಣ ಸಭೆಯ ಮುಂದೆ ಒಂದು ಸೂಚನೆ ಇಡ್ತೀನಿ. ಗೊಬ್ಬರ ಬಂದ ದಿನವೇ ಎಷ್ಟು ಬಂತು, ಯಾರಿಗೆ ಎಷ್ಟು ಹೋಯಿತು ಅಂತ ಹೊರಗಿನ ಹಲಗೆ ಮೇಲೆ ಬರೆಯಬೇಕು. ಪಾಳಿಯಲ್ಲಿ ಡೈರೆಕ್ಟರ ಹೆಸರು ಕಡೀಕ ಇರಬೇಕು, ಕಟಬಾಕಿ ಪಟ್ಟಿ ಓದುವಾಗ ಮಾತ್ರ ಮೊದಲು. ಚೇರಮನ್ನರು ನಗುತ್ತಿದ್ದಾರೆ, ನಗಲಿ. ಸೂಚಕ ನಾನು. ಅನುಮೋದಕರು ಯಾರು, ಕೈ ಎತ್ತಿರಿ.