ಡಾಂಬರಿಗೂ ಒಂದು ಪರೀಕ್ಷೆ

ರಸ್ತೆಯ ಜಲ್ಲಿಯನ್ನು ಹಿಡಿದಿಡುವ ಡಾಂಬರಿನ, ಅಂದರೆ ಬಿಟುಮೆನ್ನಿನ, ದರ್ಜೆಯನ್ನು ಹಿಂದೆ ಸೂಜಿಯಿಂದ ನಿರ್ಧರಿಸುತ್ತಿದ್ದರು. 25 ಡಿಗ್ರಿ ಸೆಲ್ಸಿಯಸ್‌ನಲ್ಲಿರಿಸಿದ ಡಾಂಬರಿನ ಮೇಲೆ 100 ಗ್ರಾಂ ಭಾರದ ಸೂಜಿಯನ್ನು 5 ಸೆಕೆಂಡು ಬಿಟ್ಟಾಗ, ಅದು 8ರಿಂದ 10 ಮಿಲಿಮೀಟರ್ ಇಳಿದರೆ 80/100 ದರ್ಜೆ.

ಆದರೆ ಬೇಸಿಗೆಯ ಮಧ್ಯಾಹ್ನ ರಸ್ತೆ 60 ಡಿಗ್ರಿಯವರೆಗೂ ಕಾಯಬಹುದು. ಸೂಜಿಗೆ ಒಂದೇ ಬಗೆಯಾಗಿ ಕಂಡ ಎರಡು ಡಾಂಬರುಗಳಲ್ಲಿ ಒಂದು ಆ ಬಿಸಿಗೆ ಹೆಚ್ಚು ಮೆತ್ತಗಾದರೆ, ಲಾರಿಗಳ ಚಕ್ರದಡಿ ರಸ್ತೆ ತಗ್ಗುಬೀಳುತ್ತದೆ.

ಆದ್ದರಿಂದ 2006ರಲ್ಲಿ ಭಾರತೀಯ ಮಾನಕ ಐ.ಎಸ್. 73 ಬದಲಾಯಿತು. 60 ಡಿಗ್ರಿಯಲ್ಲಿ ಡಾಂಬರನ್ನು ಕಿರಿದಾದ ಗಾಜಿನ ನಳಿಕೆಯೊಳಗೆ ನಿರ್ವಾತದಿಂದ ಮೇಲೆಳೆದು, ಅದು ಏರುವ ಸಮಯದಿಂದ ಸ್ನಿಗ್ಧತೆಯನ್ನು, ಎಂದರೆ ಹರಿಯಲು ಅದು ಒಡ್ಡುವ ತಡೆಯನ್ನು, ಲೆಕ್ಕಹಾಕುತ್ತಾರೆ. ಸೂಜಿ ಪರೀಕ್ಷೆ ಇಂದಿಗೂ ಇದೆ. ದರ್ಜೆ ನಿರ್ಧರಿಸುವುದು ಮಾತ್ರ ಸ್ನಿಗ್ಧತೆ.

ವಸ್ತು ಬಿಸಿಲಿನಲ್ಲಿ ದುಡಿಯುವುದಾದರೆ ಪರೀಕ್ಷೆಯೂ ಆ ಬಿಸಿಯಲ್ಲೇ ನಡೆಯಬೇಕಲ್ಲವೇ?